ಬೆರಳಿನಲ್ಲಿ 98, ಮಿದುಳಿನಲ್ಲಿ ಎಷ್ಟು?

ತಲೆಗೆ ತೀವ್ರ ಪೆಟ್ಟು ಬಿದ್ದವರನ್ನು ಐಸಿಯುಗೆ ಸೇರಿಸಿ ಹೊರಗೆ ಕಾಯುವಾಗ, ಬಂದುಹೋಗುವವರೆಲ್ಲ ಒಂದೊಂದು ಮಾತು ಹೇಳಿಹೋಗುತ್ತಾರೆ. ಅವುಗಳಲ್ಲಿ ಕೆಲವನ್ನು ನಾವೂ ನಂಬಿದ್ದುಂಟು.

ಬೆರಳಿನ ಕ್ಲಿಪ್ 98 ತೋರಿಸುತ್ತಿದ್ದರೆ ಮಿದುಳಿಗೂ ಆಮ್ಲಜನಕ ಸಾಕಷ್ಟು ಸಿಗುತ್ತಿದೆ ಎಂಬ ನಂಬಿಕೆ.

ವಾಸ್ತವ: ಕೋವಿಡ್ ಕಾಲದಲ್ಲಿ ನಾವೆಲ್ಲ ಆ ಅಂಕಿಗೇ ಕಣ್ಣು ನೆಟ್ಟು ಕೂತವರು. ಆದರೆ ರಕ್ತದಲ್ಲಿ ಆಮ್ಲಜನಕ ತುಂಬಿದೆಯೇ ಎಂಬುದನ್ನಷ್ಟೇ ಕ್ಲಿಪ್ ಹೇಳುತ್ತದೆ. ಆ ರಕ್ತ ಮಿದುಳಿನೊಳಗೆ ಹರಿಯಿತೇ ಎಂಬುದು ಅದಕ್ಕೆ ಗೊತ್ತಿಲ್ಲ. ದೇಹದ ತೂಕದಲ್ಲಿ ಸುಮಾರು ಶೇ. 2ರಷ್ಟಿರುವ ಮಿದುಳು, ದೇಹ ಬಳಸುವ ಆಮ್ಲಜನಕದಲ್ಲಿ ಶೇ. 20ರಷ್ಟನ್ನು ತಾನೇ ಖರ್ಚು ಮಾಡುತ್ತದೆ. ಕೂಡಿಟ್ಟುಕೊಳ್ಳುವುದು ಅದಕ್ಕೆ ಸಾಧ್ಯವಿಲ್ಲ. ಪೆಟ್ಟಿನಿಂದ ಮಿದುಳು ಊದಿಕೊಳ್ಳುತ್ತದೆ, ತಲೆಬುರುಡೆ ಹಿಗ್ಗುವುದಿಲ್ಲ. ಒಳಗೆ ಒತ್ತಡ ಏರಿದಷ್ಟೂ ರಕ್ತಕ್ಕೆ ದಾರಿ ಕಿರಿದಾಗುತ್ತದೆ. ಅದಕ್ಕೇ ಕೆಲವೆಡೆ ಬುರುಡೆಗೆ ಸಣ್ಣ ರಂಧ್ರ ಕೊರೆದು, ತೆಳುವಾದ ತಂತಿಯೊಂದನ್ನು ಮಿದುಳಿನ ಅಂಗಾಂಶಕ್ಕೇ ಇಳಿಸಿ ಅಲ್ಲಿನ ಆಮ್ಲಜನಕ ಅಳೆಯುತ್ತಾರೆ. ಅಂಕಿ 20 ಮಿ.ಮೀ. ಪಾದರಸಕ್ಕಿಂತ ಕೆಳಗಿಳಿದರೆ ಎಚ್ಚರಿಕೆ: ರಕ್ತದೊತ್ತಡ ಏರಿಸಬೇಕೇ, ರಕ್ತ ಕೊಡಬೇಕೇ, ವೆಂಟಿಲೇಟರ್ ಬದಲಿಸಬೇಕೇ ಎಂದು ವೈದ್ಯರು ಹುಡುಕತೊಡಗುತ್ತಾರೆ. ತಲೆಯೊಳಗಿನ ಒತ್ತಡ ಮಿತಿಯಲ್ಲಿದ್ದಾಗಲೂ ಈ ಅಂಕಿ ಬೀಳುವುದುಂಟು.

ಉಸಿರು ಕೊಡುವ ಬ್ಯಾಗನ್ನು ಬೇಗ ಬೇಗ ಒತ್ತಿ ಗಾಳಿ ಜಾಸ್ತಿ ಕೊಟ್ಟಷ್ಟೂ ಮಿದುಳಿಗೆ ಒಳ್ಳೆಯದು ಎಂಬುದು ಇನ್ನೊಂದು.

ವಾಸ್ತವ: ಉಸಿರು ಅತಿಯಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಮಿದುಳಿನ ರಕ್ತನಾಳಗಳು ಬಿಗಿಯುತ್ತವೆ. ತಲೆಯ ಒತ್ತಡ ತಗ್ಗುತ್ತದೆ, ನಿಜ. ಒಂದು ಕಾಲಕ್ಕೆ ವೈದ್ಯರೂ ಇದನ್ನು ಧಾರಾಳವಾಗಿ ಮಾಡುತ್ತಿದ್ದರು. ಆದರೆ ರಕ್ತದ ಹರಿವೂ ತಗ್ಗುತ್ತದೆ. ಬೆರಳಿನಲ್ಲಿ ನೂರು, ಮಿದುಳಿನಲ್ಲಿ ಬರ. ಪ್ರಾಣಕ್ಕೆ ಕುತ್ತು ಬಂದ ಗಳಿಗೆಯಲ್ಲಿ ಮಾತ್ರ, ಸ್ವಲ್ಪ ಹೊತ್ತಿಗೆ, ಇದಕ್ಕೆ ಈಗ ಜಾಗ.

ರಸ್ತೆಯಲ್ಲಿ ಬಿದ್ದವರಿಗೆ ನೀರು ಕುಡಿಸಿದರೆ ಪ್ರಜ್ಞೆ ಬರುತ್ತದೆ, ಫಿಟ್ಸ್ ಬಂದರೆ ಕೈಗೆ ಬೀಗದಕೈಯಂಥ ಕಬ್ಬಿಣ ಕೊಡಬೇಕು ಎಂಬ ಮಾತೂ ಇದೆ.

ವಾಸ್ತವ: ಪ್ರಜ್ಞೆಯಿಲ್ಲದವರಿಗೆ ನುಂಗಲಾಗದು, ನೀರು ಶ್ವಾಸಕೋಶಕ್ಕೆ ಇಳಿದು, ಮಿದುಳಿಗೆ ಹೋಗಬೇಕಾದ ಆಮ್ಲಜನಕ ಆರಂಭದಲ್ಲೇ ಕಡಿಮೆಯಾಗುತ್ತದೆ. ಕಬ್ಬಿಣ ಫಿಟ್ಸ್ ನಿಲ್ಲಿಸುವುದಿಲ್ಲ. ಬೀಗದಕೈ ಹುಡುಕುವಷ್ಟರಲ್ಲಿ 108ಕ್ಕೆ ಕರೆ ಮಾಡಬಹುದಿತ್ತಲ್ಲ!

ತಲೆ ಕೊರೆದು ತಂತಿ ಹಾಕಿದರೆ ಬುದ್ಧಿ ಕೆಡುತ್ತದೆ ಎಂಬ ಭಯ.

ವಾಸ್ತವ: ಮಿದುಳಿನ ಅಂಗಾಂಶಕ್ಕೆ ನೋವು ತಿಳಿಯುವುದಿಲ್ಲ. ರಕ್ತಸ್ರಾವ, ಸೋಂಕಿನ ಅಪಾಯ ಚಿಕ್ಕದು, ಆದರೆ ಇದೆ. ಬುದ್ಧಿಗೆ ಧಕ್ಕೆಯಾಗಿದ್ದರೆ ಅದು ಸಾಮಾನ್ಯವಾಗಿ ಪೆಟ್ಟಿನಿಂದ.

ತಂತಿ ಹಾಕಿದರೆ ಬದುಕುತ್ತಾರೆ, ಆ ಸೌಲಭ್ಯವಿಲ್ಲದ ಆಸ್ಪತ್ರೆಯಲ್ಲಿ ಆಸೆ ಬಿಡಬೇಕು ಎನ್ನುವವರೂ ಇದ್ದಾರೆ.

ವಾಸ್ತವ: ತಂತಿ ಚಿಕಿತ್ಸೆಯಲ್ಲ, ಅಳತೆ, ಅದೂ ತನ್ನ ತುದಿಯ ಸುತ್ತಲಿನ ಸಣ್ಣ ಜಾಗದ್ದು. 2017ರಲ್ಲಿ ಪ್ರಕಟವಾದ ಅಮೆರಿಕದ ಬೂಸ್ಟ್-2 ಪ್ರಯೋಗದಲ್ಲಿ 119 ರೋಗಿಗಳಿದ್ದರು. ತಂತಿಯ ಅಂಕಿ ನೋಡಿ ಚಿಕಿತ್ಸೆ ಕೊಟ್ಟಾಗ ಮಿದುಳು ಆಮ್ಲಜನಕ ಸಾಲದೆ ಕಳೆದ ಹೊತ್ತು ಸ್ಪಷ್ಟವಾಗಿ ಕಡಿಮೆಯಾಯಿತು. ಸಾವೂ ಕಡಿಮೆಯಾದಂತೆ ಕಂಡಿತು. ಆದರೆ ಖಚಿತವಾಗಿ ಹೇಳಲು ರೋಗಿಗಳ ಆ ಸಂಖ್ಯೆ ಸಾಲದು. 2023ರಲ್ಲಿ ಬಂದ ಫ್ರಾನ್ಸಿನ ಆಕ್ಸಿ-ಟಿಸಿ ಪ್ರಯೋಗದಲ್ಲಿ ಆರು ತಿಂಗಳ ನಂತರದ ಚೇತರಿಕೆಯಲ್ಲಿ ಗಮನಾರ್ಹ ವ್ಯತ್ಯಾಸ ಸಿಗಲಿಲ್ಲ. ಇಷ್ಟಾದರೂ ಉಪಕರಣ ವ್ಯರ್ಥವೆಂದು ನಮಗನಿಸುವುದಿಲ್ಲ. ಯಾರಿಗೆ ಹೆಚ್ಚು ಉಪಯೋಗ ಎಂಬುದು ಇನ್ನೂ ತೀರ್ಮಾನವಾಗಿಲ್ಲ, ಅಷ್ಟೆ. ತಂತಿ ಇಲ್ಲದ ಐಸಿಯುನಲ್ಲೂ ರಕ್ತದೊತ್ತಡ ಬೀಳದಂತೆ ಕಾಯಬಹುದು, ತಲೆಯ ಭಾಗ 30 ಡಿಗ್ರಿ ಎತ್ತಿಡಬಹುದು, ಜ್ವರ ಇಳಿಸಬಹುದು, ಸಿಟಿ ಸ್ಕ್ಯಾನ್ ಮತ್ತೆ ತೆಗೆಸಬಹುದು.