ಒಂದು ಮೀಟರ್ ಅಂದರೆ ಹದಿನೈದು ಕೋಟಿ ಕಿಲೋಮೀಟರ್: ಉಚ್ಚಿಲದ ಮೈದಾನದಿಂದ ವಿಶ್ವದ ಲೆಕ್ಕ

ಸೂರ್ಯ ನಮ್ಮಿಂದ 14.96 ಕೋಟಿ ಕಿ.ಮೀ. ದೂರ. ಒಂದು ಜ್ಯೋತಿರ್ವರ್ಷಕ್ಕೆ 9.46 ಲಕ್ಷ ಕೋಟಿ ಕಿ.ಮೀ. ಮಕ್ಕಳು ಇವೆರಡನ್ನೂ ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಅಂಕವೂ ಸಿಗುತ್ತದೆ. ಎರಡನೆಯದು ಮೊದಲನೆಯದರ ಎಷ್ಟು ಪಟ್ಟು ಎಂದು ಕೇಳಿದರೆ ಮಾತ್ರ ತರಗತಿ ಸುಮ್ಮನಾಗುತ್ತದೆ. ಉತ್ತರ: 63,241 ಪಟ್ಟು. ಈ ಒಂದು ಸಂಖ್ಯೆ ಕೈಗೆ ಸಿಕ್ಕಿದರೆ ಉಚ್ಚಿಲದ ಯಾವ ಶಾಲೆಯ ಮೈದಾನದಿಂದಲೂ ವಿಶ್ವವನ್ನು ಅಳೆಯಲು ಹೊರಡಬಹುದು. ಬೇಕಾದ ಸಾಮಾನು ಮೂರೇ: 30 ಮೀಟರಿನ ಅಳತೆ ಟೇಪು, ಒಂದು ಹಿಡಿ ಸುಣ್ಣದ ಪುಡಿ, ಒಂದು ಕಾಬೂಲ್ ಕಡಲೆ. ಟೇಪು ಪಿ.ಟಿ. ಮಾಸ್ತರರ ಕೋಣೆಯಲ್ಲೇ ಇರುತ್ತದೆ.

ನಿಯಮ ಒಂದೇ. ಭೂಮಿಗೂ ಸೂರ್ಯನಿಗೂ ನಡುವಿನ ದೂರವನ್ನು ಒಂದು ಮೀಟರ್ ಎಂದು ಹಿಡಿಯಬೇಕು. ಆಗ ಒಂದು ಜ್ಯೋತಿರ್ವರ್ಷ 63 ಕಿ.ಮೀ. ಆಗುತ್ತದೆ.

ವಾಲಿಬಾಲ್ ಅಂಕಣದಲ್ಲಿ ಸೌರವ್ಯೂಹ

13.9 ಲಕ್ಷ ಕಿ.ಮೀ. ವ್ಯಾಸದ ಸೂರ್ಯ ಈ ಅಳತೆಯಲ್ಲಿ 9.3 ಮಿ.ಮೀ. ಕಡಲೆಕಾಳು ಅದಕ್ಕೆ ಸರಿಹೊಂದುತ್ತದೆ. ಅದನ್ನು ವಾಲಿಬಾಲ್ ಅಂಕಣದ ಒಂದು ತುದಿಯ ಗೆರೆಯ ಮೇಲಿಡಿ. ಒಂದು ಮೀಟರ್ ಆಚೆ ಭೂಮಿ. ಅದರ ವ್ಯಾಸ ಮಿಲಿಮೀಟರಿನ ಹನ್ನೆರಡರಲ್ಲಿ ಒಂದು ಪಾಲು, ಚಾಕ್ ಪುಡಿಯ ಒಂದು ಕಣವೇ ಹೆಚ್ಚಾಯಿತು. ಚಂದ್ರ ಅದರಿಂದ ಎರಡೂವರೆ ಮಿ.ಮೀ. ದೂರದಲ್ಲಿರುತ್ತಾನೆ. ಮನುಷ್ಯ ಕಾಲಿಟ್ಟು ಬಂದದ್ದು ಅಷ್ಟು ದೂರಕ್ಕೆ. 2024ರ ಜನವರಿ 6ರಂದು 15 ಲಕ್ಷ ಕಿ.ಮೀ. ದೂರದ ತನ್ನ ನೆಲೆ ಸೇರಿದ ಆದಿತ್ಯ-ಎಲ್1 ನೌಕೆ ಭೂಮಿಯಿಂದ ಸೂರ್ಯನ ಕಡೆಗೆ ಒಂದು ಸೆಂ.ಮೀ. ಸರಿದು ನಿಂತಿದೆ.

ಮಂಗಳ ಒಂದೂವರೆ ಮೀಟರಿನಲ್ಲಿ. ಗುರು 5.2 ಮೀಟರಿನಲ್ಲಿ, ಅಂದರೆ ನೆಟ್‌ನಿಂದ ಮೂರು ಮೀಟರ್ ಈಚೆಗಿರುವ ಗೆರೆಗಿಂತ ಸ್ವಲ್ಪ ಈಚೆ. ಶನಿ 9.6 ಮೀಟರ್, ನೆಟ್ ದಾಟಿ ಅರ್ಧ ಹೆಜ್ಜೆ. ಯುರೇನಸ್ 19.2 ಮೀಟರ್, ಎದುರು ತಂಡದ ಹಿಂದಿನ ಗೆರೆಯನ್ನೂ ಮೀರಿದ್ದು. ನೆಪ್ಚೂನ್ 30 ಮೀಟರ್. ಟೇಪು ಅಲ್ಲಿಗೆ ಮುಗಿಯುತ್ತದೆ. ಒಂದೊಂದು ಗುರುತಿನ ಮೇಲೂ ಒಬ್ಬ ವಿದ್ಯಾರ್ಥಿಯನ್ನು ನಿಲ್ಲಿಸಿದರೆ ಒಳಗಿನ ನಾಲ್ಕು ಗ್ರಹಗಳ ಮಕ್ಕಳಿಗೆ ನಿಲ್ಲಲು ಜಾಗ ಸಾಲದು, ಹೊರಗಿನವರನ್ನು ಕೂಗಿ ಕರೆಯಬೇಕು. ಪಠ್ಯಪುಸ್ತಕದ ಚಿತ್ರ ಗ್ರಹಗಳನ್ನು ಸಾಲಾಗಿ ಅಕ್ಕಪಕ್ಕ ಕೂರಿಸಿ ಮುಚ್ಚಿಡುವ ಸತ್ಯ ಇದು.

1977ರಲ್ಲಿ ಹೊರಟ ವಾಯೇಜರ್-1 ಸುಮಾರು ಅರ್ಧ ಶತಮಾನ ಓಡಿ ಕ್ರಮಿಸಿದ್ದು ಈ ಅಳತೆಯಲ್ಲಿ 170 ಮೀಟರ್. ವರ್ಷಕ್ಕೆ ಅದರ ಓಟ ಮೂರೂವರೆ ಮೀಟರ್. ಮನುಷ್ಯ ಮಾಡಿದ ವಸ್ತುಗಳಲ್ಲಿ ಅದಕ್ಕಿಂತ ದೂರ ಹೋದದ್ದು ಯಾವುದೂ ಇಲ್ಲ.

ಮುಂದಿನ ನಕ್ಷತ್ರ ಮಾಗಡಿಯಲ್ಲಿ

ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ, 4.24 ಜ್ಯೋತಿರ್ವರ್ಷ. ನಮ್ಮ ಅಳತೆಯಲ್ಲಿ 268 ಕಿ.ಮೀ. ಉಚ್ಚಿಲದಿಂದ ನೇರ ಗೆರೆ ಎಳೆದರೆ ಘಟ್ಟ ಹತ್ತಿ, ಹಾಸನ ಜಿಲ್ಲೆ ದಾಟಿ ಮಾಗಡಿ ಸಿಗುತ್ತದಲ್ಲ, ಅಲ್ಲಿ. ಉಚ್ಚಿಲದಲ್ಲೊಂದು ಕಾಳು, ಮಾಗಡಿಯಲ್ಲಿ ಒಂದೂವರೆ ಮಿ.ಮೀ.ಯ ಇನ್ನೊಂದು ಕಾಳು, ನಡುವೆ ಬೇರೆ ನಕ್ಷತ್ರವೇ ಇಲ್ಲ. ವಾಯೇಜರ್ ಅದೇ ದಿಕ್ಕಿಗೆ ಹೊರಟಿದ್ದರೂ ತಲುಪಲು ಸುಮಾರು 75,000 ವರ್ಷ ಹಿಡಿಯುತ್ತಿತ್ತು.

ಉಳಿದ ದೂರಗಳು, ಇದೇ ಅಳತೆಯಲ್ಲಿ:

- ಲುಬ್ಧಕ, ರಾತ್ರಿಯ ಅತಿ ಪ್ರಕಾಶಮಾನ ನಕ್ಷತ್ರ (8.6 ಜ್ಯೋತಿರ್ವರ್ಷ): 544 ಕಿ.ಮೀ., ಚೆನ್ನೈಗೆ ಸ್ವಲ್ಪ ಮೊದಲು.
- ಅಗಸ್ತ್ಯ (ಸುಮಾರು 310 ಜ್ಯೋತಿರ್ವರ್ಷ): 19,600 ಕಿ.ಮೀ., ಭೂಗೋಳದ ಹೆಚ್ಚುಕಡಿಮೆ ಆಚೆ ಬದಿ.
- ಆಕಾಶಗಂಗೆಯ ನಡುಭಾಗ (ಸುಮಾರು 26,000): 16 ಲಕ್ಷ ಕಿ.ಮೀ., ನಿಜವಾದ ಚಂದ್ರನ ದೂರದ ನಾಲ್ಕು ಪಟ್ಟು.
- ಆಕಾಶಗಂಗೆಯ ಅಗಲ (ಸುಮಾರು 1 ಲಕ್ಷ): 63 ಲಕ್ಷ ಕಿ.ಮೀ.
- ಆಂಡ್ರೊಮಿಡಾ ಗ್ಯಾಲಕ್ಸಿ (ಸುಮಾರು 25 ಲಕ್ಷ): 15.8 ಕೋಟಿ ಕಿ.ಮೀ.

ಕೊನೆಯ ಸಾಲನ್ನು ಮತ್ತೊಮ್ಮೆ ಓದಬೇಕು. ಸೂರ್ಯನ ದೂರವನ್ನು ಒಂದು ಮೀಟರಿಗೆ ಕುಗ್ಗಿಸಿದ ಮೇಲೂ, ನೆರೆಯ ದೊಡ್ಡ ಗ್ಯಾಲಕ್ಸಿ ನಿಜವಾದ ಸೂರ್ಯನಷ್ಟು ದೂರದಲ್ಲೇ ಉಳಿಯುತ್ತದೆ. ನಾವು ಕಾಣಬಲ್ಲ ವಿಶ್ವದ ಅಂಚು ಸುಮಾರು 4,650 ಕೋಟಿ ಜ್ಯೋತಿರ್ವರ್ಷ. ಕುಗ್ಗಿಸಿದ ಮಾದರಿಯಲ್ಲೂ ಉಚ್ಚಿಲದಿಂದ ಅಲ್ಲಿಗೆ ಹೊರಟ ನಿಜವಾದ ಬೆಳಕಿಗೆ 113 ದಿನ ಬೇಕು. ಆಕಾಶಗಂಗೆಯೊಂದರಲ್ಲೇ ನಕ್ಷತ್ರಗಳು 10,000 ಕೋಟಿಯಿಂದ 40,000 ಕೋಟಿ ಎಂಬ ಅಂದಾಜಿದೆ.

ಉಚ್ಚಿಲದ ಬಾನು

ಉಚ್ಚಿಲ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಆದ್ದರಿಂದ ಧ್ರುವ ನಕ್ಷತ್ರ ಇಲ್ಲಿ ಕ್ಷಿತಿಜದಿಂದ 13 ಡಿಗ್ರಿ ಮೇಲೆ ಮಾತ್ರ. ಕೈ ನೇರ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ, ಒಂದು ಮುಷ್ಟಿಯ ಮೇಲೆ ಇನ್ನೆರಡು ಬೆರಳು ಲೆಕ್ಕ ಹಾಕಿದರೆ ಸಾಕು. ಉತ್ತರದಲ್ಲಿ ಕಳೆದುಕೊಂಡದ್ದನ್ನು ದಕ್ಷಿಣ ಕೊಡುತ್ತದೆ. ಫೆಬ್ರವರಿ ಮಧ್ಯದಲ್ಲಿ ರಾತ್ರಿ ಒಂಬತ್ತಕ್ಕೆ ಅಗಸ್ತ್ಯ 24 ಡಿಗ್ರಿ ಎತ್ತರದಲ್ಲಿರುತ್ತದೆ. ಅದರಿಂದ ಇಂದು ಕಣ್ಣಿಗೆ ಬೀಳುವ ಬೆಳಕು ಹೊರಟಾಗ ಕರಾವಳಿಯಲ್ಲಿ ಕೆಳದಿ ನಾಯಕರ ಆಳ್ವಿಕೆಯಿತ್ತು. ಮೇ ಕೊನೆಯ ವಾರ ರಾತ್ರಿ ಹನ್ನೊಂದರ ಸುಮಾರಿಗೆ, ಮಳೆ ಹಿಡಿಯದಿದ್ದರೆ, ಪ್ರಾಕ್ಸಿಮಾದ ಜತೆಗಾರ ಆಲ್ಫಾ ಸೆಂಟಾರಿ ದಕ್ಷಿಣದಲ್ಲಿ 16 ಡಿಗ್ರಿ ಮೇಲೆ ಬರಿಗಣ್ಣಿಗೇ ಕಾಣುತ್ತದೆ. ಲಂಡನ್ನಿನ ಮಕ್ಕಳು ತಮ್ಮೂರಿನಿಂದ ಅದನ್ನು ಯಾವತ್ತೂ ಕಾಣಲಾರರು.

ಹಗಲಿನಲ್ಲೂ ಒಂದು ಪ್ರಯೋಗವಿದೆ. ಏಪ್ರಿಲ್ 25ರ ಸುಮಾರಿಗೆ ಮಧ್ಯಾಹ್ನ 12.29ಕ್ಕೆ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ, ನೆಟ್ಟ ಕೋಲಿಗೆ ನೆರಳೇ ಬೀಳುವುದಿಲ್ಲ. ಆಗಸ್ಟ್ ಮಧ್ಯದಲ್ಲಿ ಇದು ಮತ್ತೆ ಬಂದರೂ ಆಗ ಮೋಡದ ಕಾಟ.

ಖರ್ಚು ಎಷ್ಟು?

ಖಗೋಳ ವಿಜ್ಞಾನ ದುಬಾರಿ ಎಂಬ ಮಾತನ್ನೂ ಲೆಕ್ಕದಲ್ಲೇ ನೋಡೋಣ. 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್ ಬಾಹ್ಯಾಕಾಶ ವೀಕ್ಷಣಾಲಯಕ್ಕೆ ತಗುಲಿದ್ದು ಸುಮಾರು 178 ಕೋಟಿ ರೂ. 2011ರ ಜನಗಣತಿಯ 121 ಕೋಟಿ ಜನರಿಗೆ ಹಂಚಿದರೆ ತಲೆಗೆ ಒಂದೂವರೆ ರೂಪಾಯಿ. ಗುರುತ್ವ ಅಲೆಗಳನ್ನು ಹಿಡಿಯಲು 2023ರಲ್ಲಿ ಒಪ್ಪಿಗೆ ಪಡೆದ ಲೈಗೋ-ಇಂಡಿಯಾ 2,600 ಕೋಟಿ, ಎಸ್‌ಕೆಎ ರೇಡಿಯೋ ದೂರದರ್ಶಕದಲ್ಲಿ ಭಾರತದ ಪಾಲು 1,250 ಕೋಟಿ. ಮೂರೂ ಸೇರಿ ತಲೆಗೆ 33 ರೂಪಾಯಿ, ಅದೂ ಹಲವು ವರ್ಷಗಳಲ್ಲಿ ಹರಡಿದ್ದು.

ಈ ದಾರಿ ತೆರೆದವರಲ್ಲಿ ಮೊದಲಿಗರು ಉಚ್ಚಿಲದ ನೆರೆಯ ಅದಮಾರಿನವರು. 1932ರಲ್ಲಿ ಅಲ್ಲಿ ಹುಟ್ಟಿ ಉಡುಪಿಯಲ್ಲಿ ಓದಿದ ಯು.ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ತಯಾರಾದ 360 ಕಿಲೋದ ಆರ್ಯಭಟ 1975ರ ಏಪ್ರಿಲ್ 19ರಂದು ಕಕ್ಷೆ ಸೇರಿತು. ದೇಶದ ಆ ಮೊದಲ ಉಪಗ್ರಹದಲ್ಲೇ ಎಕ್ಸ್-ರೇ ಖಗೋಳ ವೀಕ್ಷಣೆಯ ಉಪಕರಣವಿತ್ತು. ನಲವತ್ತು ವರ್ಷಗಳ ನಂತರದ ಆಸ್ಟ್ರೋಸ್ಯಾಟ್ ಒಂದೂವರೆ ಟನ್ ತೂಗಿತು. ಅದರ ಕಣ್ಣಿಗೆ ಬಿದ್ದ ಒಂದು ಗ್ಯಾಲಕ್ಸಿಯ ಬೆಳಕು 930 ಕೋಟಿ ವರ್ಷ ಪ್ರಯಾಣ ಮಾಡಿ ಬಂದದ್ದು.

ಪಿಲಿಕುಳದಲ್ಲಿ 2018ರಿಂದ 18 ಮೀಟರ್ ಗುಮ್ಮಟದ ಸ್ವಾಮಿ ವಿವೇಕಾನಂದ ತಾರಾಲಯವಿದೆ. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ವೀಕ್ಷಕರ ಸಂಘ ಸಾರ್ವಜನಿಕರಿಗೆ ಆಕಾಶ ತೋರಿಸುತ್ತ ಬಂದಿದೆ. ಆದರೆ ತಾರಾಲಯದ ಪ್ರವಾಸ ವರ್ಷಕ್ಕೊಮ್ಮೆ ಸಿಕ್ಕರೆ ಪುಣ್ಯ. ಮೈದಾನ ದಿನವೂ ಇದೆ. ದೂರದರ್ಶಕ ಕೊಳ್ಳಲು ದುಡ್ಡಿಲ್ಲ ಎಂದು ಈ ಪಾಠವನ್ನು ಮುಂದೂಡುವ ಶಾಲೆಗಳು ಒಂದು ಪಿರಿಯಡ್ ಬಿಡುವು ಮಾಡಿಕೊಂಡರೆ ಸಾಕು. ದೀಪಾವಳಿ ಕಳೆದು ಆಕಾಶ ತಿಳಿಯಾದ ಮೇಲೆ ಎಂಟನೇ, ಒಂಬತ್ತನೇ ತರಗತಿಯ ಮಕ್ಕಳ ಕೈಗೆ ಟೇಪು ಕೊಡಿ. 63,241ನ್ನು ಅವರೇ ಭಾಗಿಸಿ ಕಂಡುಹಿಡಿಯಲಿ, ನಕಾಶೆ ಬಿಡಿಸಿ ಮಾಗಡಿಯನ್ನು ಅವರೇ ಹುಡುಕಲಿ. ಹಾಗೆ ಕಂಡುಕೊಂಡ ಸಂಖ್ಯೆ ಪರೀಕ್ಷೆ ಮುಗಿದ ಮೇಲೂ ಮರೆಯುವುದಿಲ್ಲ.