ಮಕ್ಕಳ ಗ್ರೂಪಿನಲ್ಲಿ ಏನು ನಡೆದಿದೆ?

2020ರಲ್ಲಿ ಕೊರೊನಾ ಕಾಲದ ಪಾಠಕ್ಕೆಂದು ಮಕ್ಕಳ ಕೈಗೆ ಬಂದ ಮೊಬೈಲು, ಶಾಲೆ ತೆರೆದ ಮೇಲೂ ಅವರ ಕೈಯಲ್ಲೇ ಉಳಿಯಿತು. ಗದಗ-ಬೆಟಗೇರಿಯ ಟ್ಯೂಷನ್ನಿಗಿರಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಹೈಸ್ಕೂಲಿಗಿರಲಿ, ಶಿಕ್ಷಕರು ನಡೆಸುವ ವಾಟ್ಸಾಪ್ ಗ್ರೂಪ್ ಒಂದಾದರೆ ಮಕ್ಕಳೇ ಕಟ್ಟಿಕೊಂಡದ್ದು ಇನ್ನೊಂದು. ದೊಡ್ಡವರ ಕಣ್ಣಿಗೆ ಬೀಳದಿರುವುದು ಈ ಎರಡನೆಯದು.

ಗ್ರೂಪಿನಲ್ಲಿರುವ ಪ್ರತಿಯೊಬ್ಬರಿಗೂ ಉಳಿದವರ ನಂಬರು ಕಾಣುತ್ತದೆ. ಅಪರಿಚಿತನೊಬ್ಬ ಒಳಬಂದರೆ ಎಲ್ಲ ಮಕ್ಕಳ ನಂಬರೂ ಅವನಿಗೆ ಸಿಕ್ಕಂತೆ. ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ, ಅದರೊಳಗೆ ಗ್ರೂಪ್ಸ್ ತೆರೆದು ‘ಮೈ ಕಾಂಟ್ಯಾಕ್ಟ್ಸ್’ ಎಂದು ಇಟ್ಟರೆ ಗುರುತಿಲ್ಲದವರು ಮಗುವನ್ನು ನೇರವಾಗಿ ಗ್ರೂಪಿಗೆ ಸೇರಿಸಲಾರರು. ಒಬ್ಬನನ್ನು ಬ್ಲಾಕ್ ಮಾಡಿದರೂ ಅವನು ಗ್ರೂಪಿನಲ್ಲಿ ಹಾಕುವುದು ಕಾಣುತ್ತಲೇ ಇರುತ್ತದೆ. ಅಲ್ಲಿಂದ ಹೊರಬರುವುದೇ ದಾರಿ. 2022ರಿಂದ ಹೊರಬಂದ ಸೂಚನೆ ಅಡ್ಮಿನ್‌ಗಳಿಗೆ ಮಾತ್ರ ಹೋಗುತ್ತದೆ.

ಅಪರಿಚಿತರಿಗಿಂತ ಗೆಳೆಯರಿಂದಲೇ ಆಗುವ ನೋವು ಹೆಚ್ಚೆಂದು ನನಗನಿಸುತ್ತದೆ. ಖೋಖೋ ಆಡುವಾಗ ಬಿದ್ದ ಹುಡುಗನ ಫೋಟೋ ಸ್ಟಿಕರ್ ಆಗುತ್ತದೆ. ಒಬ್ಬ ಹಾಕುತ್ತಾನೆ, ಉಳಿದವರು ನಗುವ ಮುಖ ಒತ್ತುತ್ತಾರೆ. ನಗು ಒತ್ತಿದ ಯಾರಿಗೂ ತಾನು ನೋಯಿಸಿದೆ ಅನಿಸುವುದಿಲ್ಲ. ಆ ಹುಡುಗ ಮಾತ್ರ ಮರುದಿನ ಶಾಲೆಗೆ ಹೋಗಲು ಅಳುಕುತ್ತಾನೆ. ಇಂಥದರಲ್ಲಿ ಗ್ರೂಪಿನೊಳಗೇ ಜಗಳಕ್ಕಿಳಿಯುವುದಕ್ಕಿಂತ, ಹಾಕಿದವನಿಗೆ ಬೇರೆಯಾಗಿ “ಅದನ್ನ ತೆಗಿಯೋ, ಅವಂಗ ಬ್ಯಾಸರಾಗೇತಿ” ಎಂದು ಕಳಿಸಲು ನಮ್ಮ ಮಕ್ಕಳಿಗೆ ಕಲಿಸೋಣ. ಬಿದ್ದ ಹುಡುಗನಿಗೂ ಒಂದು ಒಳ್ಳೆಯ ಮಾತು ಹೋಗಲಿ. ಹಾಕಿದವನು ಸುಮಾರು ಎರಡು ದಿನದೊಳಗೆ ಅದನ್ನು ಎಲ್ಲರಿಗೂ ಅಳಿಸಬಹುದು, ಅಡ್ಮಿನ್ ಕೂಡ ಅಳಿಸಬಹುದು. ಆದರೆ ಯಾರಾದರೂ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದರೆ ಅದು ಉಳಿದೇಬಿಡುತ್ತದೆ.

ಫಾರ್ವರ್ಡ್ ಎಂಬುದು ಎಲ್ಲಿಗೆ ಮುಟ್ಟಬಹುದೆಂದು ಹೇಳಲು ದೂರ ಹೋಗಬೇಕಿಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಪ್ರವಾಸಿಗರನ್ನು ಮಕ್ಕಳ ಕಳ್ಳರೆಂದು ವಾಟ್ಸಾಪಿನಲ್ಲಿ ಹಬ್ಬಿಸಿದರು. ಮುರ್ಕಿ ಗ್ರಾಮದಲ್ಲಿ ಗುಂಪು ಹೊಡೆದು ಹೈದರಾಬಾದಿನ ಯುವಕನೊಬ್ಬನನ್ನು ಕೊಂದಿತು. ಬಂಧಿತರಲ್ಲಿ ಗ್ರೂಪ್ ಅಡ್ಮಿನ್ ಕೂಡ ಇದ್ದ. ಭಾರತದಲ್ಲಿ ಒಮ್ಮೆಗೆ ಐದೇ ಕಡೆ ಫಾರ್ವರ್ಡ್ ಎಂಬ ಮಿತಿಯನ್ನು ವಾಟ್ಸಾಪ್ ಪ್ರಕಟಿಸಿದ್ದು ಅದೇ ತಿಂಗಳು. ಹೈಸ್ಕೂಲ್ ಮಕ್ಕಳಿಗೆ ಈ ಘಟನೆ ಹೇಳಿ, ಅವರಿಗೆ ಅರ್ಥವಾಗುತ್ತದೆ.

ಫೋನ್ ಕಸಿದುಕೊಂಡಾರೆಂಬ ಅಂಜಿಕೆಗೇ ಎಷ್ಟೋ ಮಕ್ಕಳು ಬಾಯಿ ಬಿಡುವುದಿಲ್ಲ. “ಫೋನ್ ಕಸಗೊಳ್ಳೂದಿಲ್ಲ, ಏನಾತು ಹೇಳವ್ವಾ” ಎಂಬ ಮಾತು ಯಾವ ಸೆಟ್ಟಿಂಗಿಗಿಂತಲೂ ಮೇಲು. ಬೆದರಿಕೆಯೋ ಬೈಗುಳವೋ ಬಂದಿದ್ದರೆ ಸ್ಕ್ರೀನ್‌ಶಾಟ್ ತೆಗೆದಿಡಿ. ಮಗುವಿನ ಅಶ್ಲೀಲ ಚಿತ್ರ ಬಂದರೆ ಮಾತ್ರ, ಸಾಕ್ಷಿಗೆಂದೂ ಯಾರಿಗೂ ಕಳಿಸಬೇಡಿ. ಅಂಥದನ್ನು ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಪ್ರಕಾರ ಅಪರಾಧ. ಫೋನ್ ಸಮೇತ ಗದಗಿನ ಸೈಬರ್ ಅಪರಾಧದ (ಸಿಇಎನ್) ಪೊಲೀಸ್ ಠಾಣೆಗೆ ಹೋಗಿ. ಆನ್‌ಲೈನ್ ವಂಚನೆಯಲ್ಲಿ ಹಣ ಕಳೆದಿದ್ದರೆ ಕೂಡಲೇ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮಕ್ಕಳ ಸಹಾಯವಾಣಿ 1098 ದಿನದ 24 ಗಂಟೆಯೂ ಇರುತ್ತದೆ, ಕರೆ ಉಚಿತ, ಮಗು ತಾನೇ ಕರೆ ಮಾಡಬಹುದು.