ಮಾಳಿಗೆ ಮೇಲೆ ಸಪ್ಪೆ ಮೆಣಸಿನಕಾಯಿ

ದಾವಣಗೆರೆಯಲ್ಲಿ ಅಸರ್ ನಮಾಜ್ ಮುಗಿಸಿ ಹೊರಗೆ ಬಂದವರ ಮೂಗಿಗೆ ಮೊದಲು ತಾಗುವುದು ಮಿರ್ಚಿ ಕರಿಯುವ ವಾಸನೆ. ಬೆಣ್ಣೆ ದೋಸೆ ಬೆಳಗಿನ ಮಾತಾಯಿತು, ಸಂಜೆಗೆ ನಮ್ಮೂರಿನವರಿಗೆ ಮಿರ್ಚಿ ಮಂಡಕ್ಕಿಯೇ ಆಗಬೇಕು. ನಮ್ಮ ಅಬ್ಬಾ ಮಂಡಕ್ಕಿ ಭಟ್ಟಿಯಲ್ಲೇ ದುಡಿದವರು. ಮೂವತ್ತು ವರ್ಷ ಹೊಗೆ, ಬಿಸಿ, ಹೊತ್ತಲ್ಲದ ಹೊತ್ತಿನ ಊಟ. ಮೇಲೆ ದಿನಾ ಎರಡು ಮಿರ್ಚಿ. ಅರವತ್ತು ದಾಟಿದ ಮೇಲೆ ಎದೆಯುರಿ, ಹುಳಿತೇಗು, ರಾತ್ರಿ ನಿದ್ದೆ ಇಲ್ಲ. ಡಾಕ್ಟರು ಪರೀಕ್ಷೆ ಮಾಡಿಸಿ ಮಾತ್ರೆ ಕೊಟ್ಟರು, ಖಾರ ಕಡಿಮೆ ಮಾಡಿ ಎಂದರು. ಮನೆಯಲ್ಲಿ ಬಿಳಿ ಸಾರು ಮಾಡಿದೆವು. ಅಬ್ಬಾ ನಾಲ್ಕು ತುತ್ತು ಉಂಡು ತಟ್ಟೆ ಸರಿಸಿ ಏಳತೊಡಗಿದರು. ಎರಡು ತಿಂಗಳಲ್ಲಿ ಅಂಗಿ ಸಡಿಲವಾಯಿತು. ಖಾರಕ್ಕಿಂತ ಉಪವಾಸವೇ ಅವರನ್ನು ಕೊಲ್ಲುತ್ತದೇನೋ ಎಂದು ಅಮ್ಮಿ ಹೆದರಿದರು.

ಆಗ ಹರಿಹರದ ಖಾಲಾ ಕಾಗದದ ಪೊಟ್ಟಣದಲ್ಲಿ ಒಂದು ಚಿಟಿಕೆ ಬೀಜ ಕಳಿಸಿದರು. ಅದು ದಪ್ಪನೆಯ, ತಿಳಿಹಸಿರಿನ ಬಜ್ಜಿ ಮೆಣಸಿನಕಾಯಿಯ ಬೀಜ. "ಮೆಣಸಿನಕಾಯಿ ಬಿಡಿಸಬೇಡ, ಖಾರ ಬಿಡಿಸು" ಎಂಬುದು ಅವರ ಮಾತು.

ಒಂದು ವಿಷಯ ಮೊದಲೇ ಹೇಳಿಬಿಡಬೇಕು. ಹೊಟ್ಟೆಯ ಹುಣ್ಣು ಮೆಣಸಿನಕಾಯಿಯಿಂದ ಬರುವುದಲ್ಲ. ಹೆಚ್ಚಿನ ಹುಣ್ಣುಗಳಿಗೆ ಕಾರಣ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ, ಇಲ್ಲವೇ ನೋವಿನ ಮಾತ್ರೆಗಳ ಅತಿ ಬಳಕೆ. ಇದನ್ನು ಕಂಡುಹಿಡಿದ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಹುಮಾನ ಬಂತು. ಆದರೆ ಮೊದಲೇ ಉರಿಯುತ್ತಿರುವ ಹೊಟ್ಟೆಗೆ ಖಾರ ಬಿದ್ದರೆ ಸಂಕಟ ಹೆಚ್ಚುವವರು ಬಹಳ ಮಂದಿ. ಉರಿ ವಾರಗಟ್ಟಲೆ ನಿಲ್ಲದಿದ್ದರೆ, ತೂಕ ಇಳಿಯುತ್ತಿದ್ದರೆ, ಮಲ ಕಪ್ಪಗೆ ಹೋಗುತ್ತಿದ್ದರೆ ಮೆಣಸಿನಕಾಯಿ ಬದಲಿಸುತ್ತ ಕೂಡಬೇಡಿ, ಡಾಕ್ಟರ ಬಳಿ ಹೋಗಿ.

ಖಾರಕ್ಕೆ ಕಾರಣ ಕ್ಯಾಪ್ಸೈಸಿನ್ ಎಂಬ ವಸ್ತು. ಅದು ಇರುವುದು ಬೀಜದಲ್ಲಿ ಎಂದು ನಾವೆಲ್ಲ ತಿಳಿದಿದ್ದೇವೆ. ಹಾಗಲ್ಲ, ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ತಿರುಳಿನಲ್ಲಿ ಅದು ತಯಾರಾಗುತ್ತದೆ. ಬೀಜಕ್ಕೆ ತಾಗುವುದು ಅಲ್ಲಿಂದ. ಬಿಳಿ ಭಾಗವನ್ನು ಕೆರೆದು ತೆಗೆದರೆ ಖಾರ ಬಹುಪಾಲು ಹೋದಂತೆಯೇ. ಖಾರ ಅಳೆಯುವ ಲೆಕ್ಕವನ್ನು 1912ರಲ್ಲಿ ಅಮೆರಿಕದ ವಿಲ್ಬರ್ ಸ್ಕೋವಿಲ್ ಹಾಕಿಕೊಟ್ಟರು. ಆ ಲೆಕ್ಕದಲ್ಲಿ ದಪ್ಪ ಮೆಣಸಿನಕಾಯಿ, ಅಂದರೆ ಕ್ಯಾಪ್ಸಿಕಂ, ಸೊನ್ನೆ. ಗುಂಟೂರು ಮೆಣಸಿನಕಾಯಿ ಸಾಮಾನ್ಯವಾಗಿ ಮೂವತ್ತು ಸಾವಿರ ದಾಟುತ್ತದೆ. ಹರಿಹರದಿಂದ ರಾಣೇಬೆನ್ನೂರು ದಾಟಿದರೆ ಸಿಗುವ ಬ್ಯಾಡಗಿಯ ಮೆಣಸಿನಕಾಯಿ ಅದಕ್ಕಿಂತ ಎಷ್ಟೋ ಕೆಳಗೆ ಇದೆ. ಅದರ ಹೆಸರು ಬಣ್ಣಕ್ಕೆ, ಖಾರಕ್ಕಲ್ಲ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ. ಅದರಲ್ಲೂ ಡಬ್ಬಿ, ಕಡ್ಡಿ ಎಂದು ಎರಡು ಬಗೆ. ಡಬ್ಬಿ ಗಿಡ್ಡಗೆ, ದಪ್ಪಗೆ, ಸುಕ್ಕು ಸುಕ್ಕಾಗಿ ಇರುತ್ತದೆ. ಒಣಮೆಣಸಿಗೆ ಬ್ಯಾಡಗಿ, ಹಸಿಗೆ ಬಜ್ಜಿ ಮೆಣಸಿನಕಾಯಿ, ಇವೆರಡು ಮನೆಯಲ್ಲಿದ್ದರೆ ಖಾರ ತಿನ್ನಲಾಗದವರೂ ಮಕ್ಕಳೂ ಎಲ್ಲರ ಜೊತೆ ಒಂದೇ ಸಾಲನ್ ಉಣ್ಣಬಹುದು.

ಅಂಗಡಿಯಲ್ಲಿ ಸಿಗುವಾಗ ಬೆಳೆಯುವ ಉಸಾಬರಿ ಯಾಕೆ ಎನ್ನಬಹುದು. ಹಸಿಮೆಣಸಿಗೆ ಹೊಡೆಯುವಷ್ಟು ಔಷಧ ನಮ್ಮ ಕಡೆ ತರಕಾರಿಯಲ್ಲಿ ಕೆಲವಕ್ಕೇ ಹೊಡೆಯುವುದು. ಇನ್ನು ಖಾರಪುಡಿಯ ಕತೆ ಬೇರೆ. 2003ರಲ್ಲಿ ಭಾರತದಿಂದ ಹೋದ ಮೆಣಸಿನ ಪದಾರ್ಥದಲ್ಲಿ ಸುಡಾನ್ ಎಂಬ ಬಟ್ಟೆ-ಮೇಣದ ಬಣ್ಣ ಯುರೋಪಿನಲ್ಲಿ ಸಿಕ್ಕಿ ದೊಡ್ಡ ಗಲಾಟೆಯಾಗಿತ್ತು. ನಮ್ಮ ಕಾನೂನಿನಲ್ಲೂ ಖಾರಪುಡಿಗೆ ಯಾವ ಬಣ್ಣವನ್ನೂ ಸೇರಿಸುವಂತಿಲ್ಲ. ಒಂದು ಲೋಟ ನೀರಿನ ಮೇಲೆ ಚಿಟಿಕೆ ಪುಡಿ ಉದುರಿಸಿ ನೋಡಿ. ನೀರಿನಲ್ಲಿ ಕರಗುವ ಬಣ್ಣ ಬೆರೆಸಿದ್ದರೆ ಕೆಂಪು ಗೆರೆಗಳು ಕೂಡಲೇ ಕೆಳಗಿಳಿಯುತ್ತವೆ. ಸುಡಾನ್ ಎಣ್ಣೆಯಲ್ಲಿ ಕರಗುವಂಥದ್ದು, ಅದು ಈ ಪರೀಕ್ಷೆಗೆ ಸಿಗುವುದಿಲ್ಲ. ಹಾಗಾಗಿ ಇಡೀ ಕಾಯಿ ತಂದು ಗಿರಣಿಯಲ್ಲಿ ಕಣ್ಣೆದುರೇ ಬೀಸಿಸುವುದು ಮೇಲು.

ಬೀಜದ ವಿಷಯಕ್ಕೆ ಬರುತ್ತೇನೆ. ಕಿರಾಣಿ ಅಂಗಡಿಯ ಒಣಮೆಣಸಿನ ಬೀಜ ಹುಟ್ಟಿದರೂ ಹುಟ್ಟೀತು. ಎಷ್ಟು ಹಳೆಯದೋ ಯಾರಿಗೆ ಗೊತ್ತು. ಬೀಜದಂಗಡಿಯ ಪೊಟ್ಟಣದ ಮೇಲೆ ತಾರೀಕು ನೋಡಿ ತನ್ನಿ. ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲೂ ತೋಟಗಾರಿಕೆ ಇಲಾಖೆಯಲ್ಲೂ ತಳಿಯ ಬಗ್ಗೆ ಕೇಳಬಹುದು. ಬಿತ್ತಲು ಜೂನ್ ಒಳ್ಳೆಯದು, ಸೆಪ್ಟೆಂಬರ್-ಅಕ್ಟೋಬರ್ ಕೂಡ ಆದೀತು. ಮಾರ್ಚ್ ದಾಟಿದರೆ ನಮ್ಮ ಬಿಸಿಲಿಗೆ ಹೂವೆಲ್ಲ ಉದುರುತ್ತದೆ.

ಬೀಜವನ್ನು ಒಂದು ರಾತ್ರಿ ಉಗುರುಬೆಚ್ಚನೆಯ ನೀರಿನಲ್ಲಿ ನೆನೆಸಿ, ಅಗಲವಾದ ಟ್ರೇ ಇಲ್ಲವೇ ತೂತು ಮಾಡಿದ ಮೊಸರಿನ ಡಬ್ಬಿಯಲ್ಲಿ ಅರ್ಧ ಸೆಂಟಿಮೀಟರ್ ಆಳಕ್ಕೆ ಹಾಕಿ. ಒಂದರಿಂದ ಎರಡು ವಾರದಲ್ಲಿ ಮೊಳಕೆ ಕಾಣುತ್ತದೆ. ನಾನು ಮೊದಲ ಸಲ ಆಸೆಬಿದ್ದು ಬೆಳಿಗ್ಗೆ ಸಂಜೆ ನೀರು ಹೊಯ್ದೆ. ಇಪ್ಪತ್ತು ಸಸಿಯಲ್ಲಿ ಹದಿನಾಲ್ಕು ಬುಡ ಕೊಳೆತು ಮಲಗಿಬಿಟ್ಟವು. ಮೇಲ್ಮಣ್ಣು ಆರಿದ ಮೇಲಷ್ಟೇ ನೀರು ಚಿಮುಕಿಸಬೇಕು, ಗಾಳಿಯಾಡಬೇಕು. ಐದಾರು ಎಲೆ ಬಂದು ಗೇಣುದ್ದಕ್ಕೆ ಸ್ವಲ್ಪ ಕಡಿಮೆ ಇರುವಾಗ, ಅಂದರೆ ಮೂವತ್ತೈದು ನಲವತ್ತು ದಿನಕ್ಕೆ, ಸಂಜೆ ಹೊತ್ತು ಕುಂಡಕ್ಕೆ ನೆಡಿ. ಒಂದು ಗಿಡಕ್ಕೆ ಹನ್ನೆರಡು ಇಂಚಿನ ಕುಂಡ ಸಾಕು. ಒಡೆದ ಬಕೆಟ್ಟು, ಎಣ್ಣೆ ಡಬ್ಬ ಏನಾದರೂ ಆದೀತು, ತಳದಲ್ಲಿ ತೂತಿರಲಿ.

ನಮ್ಮ ಕಡೆಯ ಎರೆ ಮಣ್ಣನ್ನೇ ಕುಂಡಕ್ಕೆ ತುಂಬಿದರೆ ಅದು ನೀರು ಹಿಡಿದು ಗಟ್ಟಿಯಾಗಿ ಬೇರನ್ನು ಉಸಿರುಗಟ್ಟಿಸುತ್ತದೆ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಕಳಿತ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ ಅಥವಾ ಅಕ್ಕಿ ಗಿರಣಿಯ ಹಳೆಯ ಭತ್ತದ ಹೊಟ್ಟು, ಇದು ನನ್ನ ಲೆಕ್ಕ. ಬಕ್ರೀದ್ ಹೊತ್ತಿಗೆ ಮನೆಯಲ್ಲಿ ಕಟ್ಟಿದ ಆಡಿನ ಹಿಕ್ಕೆ ಬಹಳ ಒಳ್ಳೆಯ ಗೊಬ್ಬರ, ಆದರೆ ಹಸಿಯದನ್ನು ಹಾಕಬೇಡಿ. ನಾಲ್ಕು ತಿಂಗಳಾದರೂ ಗುಂಡಿಯಲ್ಲಿ ಕಳಿಯಲಿ. ಹಸಿ ಹಿಕ್ಕೆಯ ರೋಗಾಣುಗಳು ನಾವು ಹಸಿಯಾಗಿ ಕಡಿಯುವ ಕಾಯಿಗೆ ತಾಗಬಾರದು. ಮಾಂಸ ತೊಳೆದ ನೀರನ್ನು ಗುಲಾಬಿಗೆ ಹಾಕುವ ರೂಢಿ ನಮ್ಮಲ್ಲಿದೆ. ಮೆಣಸಿನ ಕುಂಡಕ್ಕೆ ಬೇಡ. ನೊಣವೂ ಬರುತ್ತದೆ, ನಾತವೂ.

ನಲ್ಲಿ ನೀರು ದಿನವೂ ಬಾರದ ಓಣಿಗಳಲ್ಲಿ ಗಿಡಕ್ಕೆ ನೀರೆಲ್ಲಿ? ನಾವು ವುಜೂ ಮಾಡುವ ಜಾಗದಲ್ಲಿ ಒಂದು ಬೇಸಿನ್ ಇಟ್ಟೆವು. ಸೋಪು ಸೇರದ ನೀರು. ಐದು ಹೊತ್ತಿನ ನೀರು ಆರು ಕುಂಡಕ್ಕೆ ಸಾಕಾಗಿ ಉಳಿಯುತ್ತದೆ. ಅಂದಂದೇ ಹಾಕಿಬಿಡಿ, ಸೊಳ್ಳೆ ಆಗುವಷ್ಟು ದಿನ ನಿಲ್ಲಿಸಬೇಡಿ.

ಎಲೆ ಮೇಲಕ್ಕೆ ದೋಣಿಯಂತೆ ಮುದುಡಿದರೆ ಥ್ರಿಪ್ಸ್ ನುಸಿ, ಕೆಳಕ್ಕೆ ಮಡಚಿದರೆ ಮೈಟ್ ನುಸಿ. ಒಂದು ಲೀಟರ್ ನೀರಿಗೆ ಐದು ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ ಕಲಕಿ ಬಿಸಿಲಿಳಿದ ಮೇಲೆ ಎಲೆಯ ಅಡಿಗೆ ಸಿಂಪಡಿಸಿ, ವಾರಕ್ಕೊಮ್ಮೆ. ಪೂರಾ ಮುರುಟಿದ ಗಿಡವನ್ನು ಕಿತ್ತು ದೂರ ಎಸೆಯಿರಿ, ಮರುಗಬೇಡಿ.

ಮೊದಲ ವರ್ಷ ಎಲ್ಲ ಚೆನ್ನಾಯಿತು. ನೆಟ್ಟು ಎರಡು ತಿಂಗಳಿಗೆ ಕಾಯಿ ಬಂತು. ಬಿಳಿ ತಿರುಳು ತೆಗೆದು, ಒಳಗೆ ಜೀರಿಗೆ ಉಪ್ಪು ಸವರಿ, ಕಡಿಮೆ ಎಣ್ಣೆಯಲ್ಲಿ ಬಾಡಿಸಿ ಕೊಟ್ಟೆ. ಅಬ್ಬಾ ಅನ್ನ ಎರಡನೇ ಸಲ ಕೇಳಿದರು. ಅಮ್ಮಿ ಒಳಗೆ ಹೋಗಿ ಕಣ್ಣೊರೆಸಿಕೊಂಡಿದ್ದು ನನಗೆ ಕಂಡಿತು.

ಆ ಹುರುಪಿನಲ್ಲಿ ನಾನೇ ಬೀಜ ಉಳಿಸಿದೆ, ಅಕ್ಟೋಬರಿನಲ್ಲಿ ಬಿತ್ತಿದೆ. ಗಿಡ ಅದೇ, ಎಲೆ ಅದೇ, ಕಾಯಿ ಮಾತ್ರ ಒಂದಿಷ್ಟು ಸಣ್ಣ. ರಮ್ಜಾನಿನ ಮೊದಲ ವಾರ ಇಫ್ತಾರಿಗೆ ಮಿರ್ಚಿ ಕರಿದೆ. ಅಬ್ಬಾ ಖರ್ಜೂರ, ನೀರು ಮುಗಿಸಿ, ನಂಬಿಕೆಯಿಂದ ದೊಡ್ಡದಾಗಿ ಕಚ್ಚಿದರು. ಬಿಕ್ಕಳಿಕೆ ಹತ್ತಿತು, ಕಣ್ಣಲ್ಲಿ ನೀರು. ಖಾಲಿ ಹೊಟ್ಟೆಗೆ ಬೆಂಕಿ ಬಿದ್ದಂತಾಗಿ ಎರಡು ರಾತ್ರಿ ಮಲಗಲಿಲ್ಲ, ಮೂರು ರೋಜಾ ತಪ್ಪಿದವು. ಒಂದು ಮಾತೂ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಖಾಲಾಗೆ ಫೋನು ಮಾಡಿದೆ. "ಪಕ್ಕದಲ್ಲಿ ಬೇರೆ ಮೆಣಸಿನ ಗಿಡ ಇತ್ತೇನು ಬೇಟಿ?" ಎಂದರು. ಇತ್ತು. ಚಟ್ನಿಗೆಂದು ಒಂದು ಖಾರದ ಗಿಡ, ಮೊಳದ ಅಂತರದಲ್ಲಿ. ಮೆಣಸಿನ ಹೂವು ತನ್ನಷ್ಟಕ್ಕೆ ತಾನೇ ಕಾಯಿ ಕಟ್ಟುತ್ತದೆ, ನಿಜ. ಆದರೆ ಜೇನ್ನೊಣ ಒಂದರ ಪರಾಗ ಇನ್ನೊಂದಕ್ಕೆ ಒಯ್ಯುತ್ತದೆ. ಹಾಗೆ ಬೆರೆತರೂ ಆ ವರ್ಷದ ಕಾಯಿ ಸಪ್ಪೆಯೇ ಇರುತ್ತದೆ, ಯಾಕೆಂದರೆ ಕಾಯಿ ತಾಯಿಗಿಡದ್ದು. ಬೆರಕೆ ಅಡಗಿ ಕೂರುವುದು ಬೀಜದಲ್ಲಿ; ಖಾರ ಹೊರಬೀಳುವುದು ಆ ಬೀಜ ಮರುವರ್ಷ ಗಿಡವಾಗಿ ಕಾಯಿ ಬಿಟ್ಟಾಗ. ನಾನು ಮೋಸಹೋದದ್ದು ಅಲ್ಲೇ.

ಈಗ ಹೀಗೆ ಮಾಡುತ್ತೇನೆ. ಬೀಜಕ್ಕೆಂದು ಒಂದು ಕೊಂಬೆ ಆರಿಸಿ, ಮೊಗ್ಗು ಅರಳುವ ಮೊದಲೇ ಹಳೆಯ ಮಲ್ಮಲ್ ದುಪಟ್ಟಾದ ಚೀಲ ಹೊಲಿದು ಕಟ್ಟುತ್ತೇನೆ. ದಿನಾ ಒಮ್ಮೆ ಮೆಲ್ಲಗೆ ಅಲುಗಿಸುತ್ತೇನೆ, ಪರಾಗ ಅಲ್ಲೇ ಉದುರಲಿ ಎಂದು. ಮಿಡಿ ಕಟ್ಟಿದ ಮೇಲೆ ಚೀಲ ಬಿಚ್ಚಿ, ಆ ಕಾಯಿಗಳ ತೊಟ್ಟಿಗೆ ಕೆಂಪು ದಾರ. ಗಿಡದಲ್ಲೇ ಹಣ್ಣಾದ ಮೇಲೆ ಕಿತ್ತು, ನೆರಳಲ್ಲಿ ಒಣಗಿಸಿ, ಕಾಗದದಲ್ಲಿ ಕಟ್ಟಿ ತಾರೀಕು ಬರೆಯುತ್ತೇನೆ. ಖಾರದ ಗಿಡ ಮಾವನ ಮನೆಯ ಮಾಳಿಗೆಗೆ ಹೋಯಿತು. ಹೊಸ ಗಿಡದ ಮೊದಲ ಕಾಯಿಯ ತುದಿಯನ್ನಲ್ಲ, ತೊಟ್ಟಿನ ಕಡೆಯ ಚೂರನ್ನು ನಾನೇ ಮೊದಲು ರುಚಿ ನೋಡುತ್ತೇನೆ. ಖಾರ ಇರುವುದು ಅಲ್ಲೇ.

ಕೈಯ ವಿಷಯವೂ ಹೇಳಬೇಕು. ಮೆಣಸಿನಕಾಯಿ ಹೆಚ್ಚಿ ನೀರಿನಲ್ಲಷ್ಟೇ ಕೈ ತೊಳೆದು ವುಜೂಗೆ ಕೂತರೆ ಮೂಗು, ಕಣ್ಣು ಉರಿಯುವುದು ಎಲ್ಲ ಹೆಂಗಸರಿಗೂ ಗೊತ್ತು. ಕ್ಯಾಪ್ಸೈಸಿನ್ ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಒಂದು ಹನಿ ಅಡುಗೆ ಎಣ್ಣೆ ಸವರಿ ಆಮೇಲೆ ಸೋಪಿನಿಂದ ತೊಳೆಯಿರಿ. ಹಾಲೂಡುವ ತಾಯಂದಿರು, ಕಣ್ಣಿಗೆ ಲೆನ್ಸ್ ಹಾಕುವ ಹುಡುಗಿಯರು ಇದನ್ನು ಮರೆಯಬಾರದು.

ಬ್ಯಾಡಗಿ ಹಾಕಿದ್ದರೆ ಹಣ್ಣಾದ ಕಾಯನ್ನು ನೆಲದ ಮೇಲೆ ಹರಡದೆ ಮಂಚದ ಮೇಲೆ ಶುದ್ಧ ಬಟ್ಟೆ ಹಾಸಿ ಒಣಗಿಸಿ, ಸಂಜೆ ಇಬ್ಬನಿಗೆ ಮೊದಲು ಒಳಗೆ ತನ್ನಿ. ಅಲುಗಿಸಿದರೆ ಬೀಜ ಗಲಗಲ ಎನ್ನಬೇಕು. ತೇವ ಉಳಿದರೆ ಬೂಷ್ಟು ಹಿಡಿದು ಅಫ್ಲಟಾಕ್ಸಿನ್ ಎಂಬ ವಿಷ ಸೇರಬಹುದು, ಅದು ಯಕೃತ್ತಿಗೆ ಕೆಟ್ಟದ್ದು. ತೊಳೆದರೂ ಹುರಿದರೂ ಪೂರ್ತಿ ಹೋಗದು. ಬೂಷ್ಟು ಕಂಡ ಕಾಯಿ ಕಸಕ್ಕೇ.

ಮೊನ್ನೆ ಹರಿಹರಕ್ಕೆ ಹೋದಾಗ ಖಾಲಾಗೆ ನನ್ನ ಪೊಟ್ಟಣ ಕೊಟ್ಟೆ. ದಾರ ಕಟ್ಟಿದ ಕಾಯಿಯದ್ದೇ ತಾನೆ ಎಂದು ಎರಡು ಸಲ ಕೇಳಿ ಒಳಗಿಟ್ಟುಕೊಂಡರು. ಅಬ್ಬಾ ಈಗ ಸಂಜೆ ಮಾಳಿಗೆ ಹತ್ತಿ ತಾವೇ ಕುಂಡಕ್ಕೆ ನೀರು ಹಾಕುತ್ತಾರೆ. ಪೇಟೆಯ ಮಿರ್ಚಿ ಅಂಗಡಿಯ ಮುಂದೆ ಹಾಯುವಾಗ ಮಾತ್ರ ನಡಿಗೆ ಈಗಲೂ ನಿಧಾನವಾಗುತ್ತದೆ.